ಪೂನಮ್, ಇಬ್ಬರು

"ಪೂನಮ್, ಇಬ್ಬರು! ಪೂನಮ್ ಯಾರ್ರಿ?"

ಮೈಕಿನಲ್ಲಿ ಮೂರನೆಯ ಸಲ ಹೆಸರು ಹೊರಬಿದ್ದಾಗ, ಹಬೆಯಲ್ಲಿ ಬೇಯಿಸಿದ ಚೀನೀ ಕಡುಬು ಕೊಡುವ ಬೈಲಹೊಂಗಲದ ಆ ಹೊಸ ಡಿಮ್ ಸಮ್ ಹೋಟೆಲಿನ ಮೆಟ್ಟಿಲುಗಳ ಮೇಲೆ ಪಾಳಿ ಕಾಯುತ್ತಿದ್ದವರೆಲ್ಲ ಅತ್ತಿತ್ತ ನೋಡಿದರು. ಪೂನಮ್ ಎದ್ದು ನಿಂತಳು. ಪಕ್ಕದಲ್ಲಿದ್ದ ಗಂಡ ಕಾಂತೇಶನ ಮುಖ ಕಪ್ಪಿಟ್ಟಿತು. ಅವನು ಗಾಡಿ ನಿಲ್ಲಿಸಲು ಹೋಗಿದ್ದಾಗ, ಬಾಗಿಲಲ್ಲಿ ಪಟ್ಟಿ ಹಿಡಿದಿದ್ದ ಹುಡುಗಿಯ ಹತ್ತಿರ ಅವಳೇ ತನ್ನ ಹೆಸರು ಬರೆಸಿದ್ದಳು.

ಕೆಳಗಿನ ಮೆಟ್ಟಿಲಲ್ಲಿ ಕೂತಿದ್ದ ಬಾಳು ಕಿಸಕ್ಕನೆ ನಕ್ಕ. ಟ್ರ್ಯಾಕ್ಟರ್ ಶೋರೂಮಿನಲ್ಲಿ ಅವನದೂ ಕಾಂತೇಶನದೂ ಒಂದೇ ಕೌಂಟರು.

"ಪೂನಮ್ ಅವರ ಯಜಮಾನ್ರ, ಹೋಗ್ರಿ ಒಳಗ. ವೈನಿ, ಅವರನ್ನ ಹುಷಾರಾಗಿ ಕರಕೊಂಡ ಹೋಗ್ರಿ."

ಕಾಂತೇಶ ಹಲ್ಲು ಕಿರಿದ. ಕುರ್ಚಿಯಲ್ಲಿ ಕೂತ ಮೇಲೆ ಹಲ್ಲು ಕಚ್ಚಿದ.

"ನನ್ನ ಹೆಸರ ಬರಸಾಕ ಏನಾಗಿತ್ತು ನಿನಗ?"

"ನಿಮ್ಮ ಹೆಸರ ನಾ ಹೆಂಗ ಹೇಳ್ಲಿ?"

"ಬಾಯಿಲೇ. ಇನ್ನೆದರಲೇ ಹೇಳ್ತಾರ? ನಾಳೆ ಬಾಳ್ಯಾ ಇಡೀ ಶೋರೂಮಿಗೆ ಡಂಗುರ ಹೊಡೀತಾನ, ಹೆಂಡ್ತಿ ಹೆಸರಿನ್ಯಾಗ ಉಣ್ಣಾಕ ಬಂದಿದ್ದಾ ಅಂತ."

ಬಾಯಿಂದ! ಪೂನಮ್‌ಳ ಕಿವಿ ಬಿಸಿಯಾದವು. ಆ ಹೆಸರನ್ನು ಅವಳು ಬಾಯಿಂದ ಹೇಳಿದ್ದು ಎರಡೇ ಸಲ. ಮದುವೆಯ ದಿನ ಗಂಡನ ಹೆಸರನ್ನು ಪ್ರಾಸದಲ್ಲಿ ಸೇರಿಸಿ ಒಡಪು ಕಟ್ಟಿ, ಎಲ್ಲರೂ ನಗುವಾಗ ಒಮ್ಮೆ. ಮುರಗೋಡದ ಗಂಡನ ಮನೆಗೆ ಬಂದ ತಿಂಗಳಿಗೆ ಇನ್ನೊಮ್ಮೆ. ಪಾರ್ಸಲ್ ತಂದವನು ಯಾರ ಹೆಸರಿಗೆ ಎಂದಾಗ "ಕಾಂತೇಶ" ಅಂದಿದ್ದಳು. ಒಲೆಯ ಮುಂದಿದ್ದ ಅತ್ತೆ ಇಂದ್ರವ್ವ ಚಂಬು ಹಿಡಿದು ಅಂಗಳಕ್ಕೇ ಬಂದಿದ್ದಳು. "ಗಂಡನ ಆಯುಷ್ಯ ತಿಂತೀ ಏನ? ಮುಕ್ಕಳಸ ಬಾಯಿ." ಕಟ್ಟೆಯ ಮೇಲೆ ಬೂಟಿನ ಲಾಡಿ ಕಟ್ಟುತ್ತಿದ್ದ ಕಾಂತೇಶನನ್ನು ಪೂನಮ್ ನೋಡಿದ್ದಳು. ಅವನು ನಕ್ಕಿದ್ದ. "ಮುಕ್ಕಳಸಿಬಿಡು. ಅವ್ವಗ ಸಮಾಧಾನ ಆಕ್ಕೈತಿ."

ಪಾರ್ಸಲ್‌ನವನ ಎದುರಿಗೇ ಮುಕ್ಕಳಿಸಿ, ದಾಸವಾಳದ ಬುಡಕ್ಕೆ ಉಗುಳಿದ್ದಳು. ಅಂದಿನಿಂದ ಅವಳ ಫೋನಿನಲ್ಲೂ ಅವನು ಬರೀ "ಅವರು".

ಮಾಣಿ ಚಿತ್ರಗಳಿದ್ದ ಕಾರ್ಡು ಇಟ್ಟು ಹೋದ. ಮೂರು ವಾರ ಗಂಡನ ಬೆನ್ನುಹತ್ತಿ ಪೂನಮ್ ಇಲ್ಲಿಗೆ ಬಂದಿದ್ದಳು, ಫೋನಿನಲ್ಲಿ ನೋಡಿದ ಆ ಬಿದಿರ ಬುಟ್ಟಿಗಳಿಗಾಗಿ.

"ಯಾವುದ ತಗೊಳ್ಳೂಣ್ರಿ?"

"ಟೇಬಲ್ ನಿನ್ನ ಹೆಸರಿನ್ಯಾಗ ಐತಿ. ನೀನ ಹೇಳು." ಅವನು ಫೋನಿನಿಂದ ತಲೆ ಎತ್ತಲಿಲ್ಲ.

ಅವಳು ಒಂದು ಚಿತ್ರದ ಮೇಲೆ ಬೆರಳಿಟ್ಟಳು. ಸ್ವಲ್ಪ ಹೊತ್ತಿಗೆ ಮುಚ್ಚಳ ಹಾಕಿದ ಪುಟ್ಟ ಬುಟ್ಟಿ ಬಂತು. ಸಂದಿನಿಂದ ಹಬೆ ಹೊರಡುತ್ತಿತ್ತು. ಪೂನಮ್ ಮುಚ್ಚಳಕ್ಕೆ ಕೈ ಹಾಕಿದಳು.

"ತಡಿ," ಅಂದ ಕಾಂತೇಶ. ಬಾಳು ಮತ್ತು ಅವನ ಹೆಂಡತಿ ಎದುರಿನ ಟೇಬಲ್ಲಿಗೆ ಬಂದು ಕೂತಿದ್ದರು. "ಮೊದಲ ಆ ಮೈಕಿನ ಹುಡುಗಿ ಕಡೆ ಹೋಗು. ನಿನ್ನ ಹೆಸರ ಹೊಡದ ಹಾಕಿಸಿ ನನ್ನದ ಬರಸಿ ಬಾ. ಬಿಲ್ ಕೊಡುವಾಗ ಮತ್ತ ಒದರ್ತಾಳ ಆಕಿ."

"ಬರಸ್ತೇನಿ. ಮನಿಗೆ ಹೋದಮ್ಯಾಲ ಬಾಯಿ ಮುಕ್ಕಳಸೂದೇನ?"

"ಅದು ಮನಿ. ಇದು ಹೋಟೆಲ್. ಅಷ್ಟೂ ತಿಳಿಯೂದಿಲ್ಲೇನು?"

"ತಿಳೀತು. ಅಲ್ಲಿ ಹೇಳಿದ್ರ ತಪ್ಪು, ಇಲ್ಲಿ ಹೇಳದಿದ್ರ ತಪ್ಪು."

"ದನಿ ಸಣ್ಣ ಮಾಡು. ಮಂದಿ ನೋಡಾಕ ಹತ್ಯಾರ."

"ಅವತ್ತ ಪಾರ್ಸಲ್‌ನಾವನೂ ನೋಡಾಕ ಹತ್ತಿದ್ದ."

ಕಾಂತೇಶ ಕುರ್ಚಿ ಹಿಂದಕ್ಕೆ ನೂಕಿ ಎದ್ದ. "ನೀನ ಉಣ್ಣು, ನಿನ್ನ ಹೆಸರಲೇ. ಗಾಡಿ ಹಂತೇಕ ಇರ್ತೇನಿ." ಬಾಳುವಿನ ಕಡೆ ನೋಡದೆ ಬಾಗಿಲತ್ತ ನಡೆದ. ಅವಳು ಹಿಂದಿನಿಂದ ಓಡಿ ಬರುತ್ತಾಳೆಂದು ಅವನಿಗೆ ಗೊತ್ತಿತ್ತು. ಆ ಬೆನ್ನು ನೋಡಿದರೇ ತಿಳಿಯುತ್ತಿತ್ತು.

"ಕಾಂತೇಶ!"

ಒಡಪಿಲ್ಲ, ಮೈಕಿಲ್ಲ. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. ಬಾಳು ಎತ್ತಿದ ನೀರಿನ ಗ್ಲಾಸು ತುಟಿಯ ಹತ್ತಿರವೇ ನಿಂತಿತು. ಬಾಗಿಲ ಹುಡುಗಿ ಪಟ್ಟಿಯಿಂದ ಕಣ್ಣೆತ್ತಿದಳು.

"ಕಾಂತೇಶ, ಬಂದು ಕುಂದ್ರು. ಕಡಬು ಆರಾಕ ಹತ್ಯಾವ."

ಗಾಜಿನ ಬಾಗಿಲಿನ ಹಿಡಿಯ ಮೇಲೆ ಅವನ ಕೈ ಹಾಗೆಯೇ ಇತ್ತು. ತಳ್ಳಲಿಲ್ಲ, ಬಿಡಲೂ ಇಲ್ಲ.

ಮಾಣಿ ಬಂದು ಅವಳ ಗ್ಲಾಸಿಗೆ ನೀರು ತುಂಬಿದ. ಪೂನಮ್ ಅದನ್ನು ತುಟಿಗೂ ತಾಗಿಸದೆ ಎರಡು ಬೆರಳಿನಿಂದ ಟೇಬಲಿನ ಆಚೆ ತುದಿಗೆ ಸರಿಸಿ, ಬುಟ್ಟಿಯ ಮುಚ್ಚಳ ತೆಗೆದಳು.