ನೆಟ್ಟಗೆ ನಿಂತವರು

"ಏಯ್ ಕುಂಟ, ಸೋಫಾ ಮೇಲಲ್ಲ! ಆ ಬೆಂಚ್ ಮೇಲೆ ಬಿದ್ಕೋ ಹೋಗು," ಎಂದ ಪಿಂಚಣಿ ಏಜೆಂಟ್.

ಕುಂಟ ಎಂದದ್ದು ನನ್ನ ಗಂಡನಿಗೆ. ಯುದ್ಧದಲ್ಲಿ ಸೊಂಟಕ್ಕೆ ಹೊಕ್ಕ ಗುಂಡಿನ ಚೂರು ಇನ್ನೂ ಒಳಗೇ ಇದೆ. ಗಾಯದ ಪಿಂಚಣಿ ಬಂದರೆ ಆ ಚೂರನ್ನು ತೆಗೆಸಬಹುದು, ನಾನೂ ಹೋಟೆಲಿನಲ್ಲಿ ಎರಡೆರಡು ಪಾಳಿ ಪಾತ್ರೆ ತಿಕ್ಕುವುದು ತಪ್ಪುತ್ತದೆ. ಅದಕ್ಕೇ ಈ ದರಿದ್ರದವನ ಬಾಗಿಲು ಕಾಯುತ್ತಿದ್ದೆವು.

ಮೊದಲ ಅರ್ಜಿಗೆ ಇವನು ಬಿಡಿಗಾಸೂ ಮುಟ್ಟಿರಲಿಲ್ಲ. ದೇವರಂಥ ಮನುಷ್ಯ ಅಂದುಕೊಂಡಿದ್ದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! "ಡಾಕ್ಟರ್ ಮುಂದೆ ನರಳಬೇಡ. ನೆಟ್ಟಗೆ ನಿಂತು ಸೆಲ್ಯೂಟ್ ಹೊಡಿ. ಅವರಿಗೆ ಅದೇ ಇಷ್ಟ," ಎಂದು ಹೇಳಿಕೊಟ್ಟಿದ್ದ. ನಮ್ಮವರು ಹಲ್ಲುಕಚ್ಚಿ ನಿಂತಿದ್ದರು. ಆಳು ಗಟ್ಟಿಮುಟ್ಟಾಗಿದ್ದಾನೆ ಎಂದು ಬರೆದು ಅರ್ಜಿ ತಳ್ಳಿಹಾಕಿದರು.

"ಈಗ ಮೇಲ್ಮನವಿ ಹಾಕೋಣ. ಬಂದದ್ರಲ್ಲಿ ಅರ್ಧ ನಂದು," ಎಂದ ಏಜೆಂಟ್ ಇವತ್ತು.

"ಮೊದಲು ಧರ್ಮಕ್ಕೆ ಮಾಡಿಕೊಟ್ರಿ. ಈಗ್ಯಾಕೆ ಅರ್ಧ?"

"ಹೊಸ ಕಾನೂನು ಕಣಮ್ಮ. ಮೊದಲನೇ ಅರ್ಜಿಗೆ ಯಾರೂ ದುಡ್ಡು ತಗೊಳ್ಳೋ ಹಾಗಿಲ್ಲ. ಮೇಲ್ಮನವಿಗೆ ತಗೋಬಹುದು. ಎಲ್ಲಾ ನಿಮ್ಮಂಥೋರ ರಕ್ಷಣೆಗೇ," ಎಂದು ನಕ್ಕ.

ಆ ನಗು ನೋಡಿ ನನಗೆ ಮೈಯೆಲ್ಲ ಉರಿಯಿತು. ಬೆಂಚಿನ ಮೇಲೆ ಕೆಮ್ಮುತ್ತಿದ್ದ ಹಳೇ ಸಿಪಾಯಿಯ ಕಡೆ ತಿರುಗಿದೆ.

"ಅಣ್ಣಾ, ಡಾಕ್ಟರ್ ಮುಂದೆ ಹೇಗಿರು ಅಂದಿದ್ದ ಇವನು?"

"ಕೆಮ್ಮು ತಡ್ಕೋ ಅಂದಿದ್ನಮ್ಮ. ನನ್ನ ಅರ್ಜೀನೂ ಬಿದ್ಹೋಯ್ತು."

"ನನಗೆ ಕೈ ಜೇಬಲ್ಲಿಟ್ಕೋ ಅಂದಿದ್ದ, ನಡುಗೋದು ಕಾಣಬಾರದಂತೆ," ಎಂದ ಪಕ್ಕದವನು.

"ಥೂ, ನಿನ್ನ ಮನೆ ಹಾಳಾಗ! ಮೇಲ್ಮನವಿ ದುಡ್ಡಿಗೋಸ್ಕರ ಬೇಕೂಂತ್ಲೇ ಎಲ್ರನ್ನೂ ಸೋಲಿಸಿದ್ಯಲ್ಲೋ!"

"ಬಾಯ್ಮುಚ್ಚೇ ಮುಂಡೆ! ನಾನಿಲ್ದೆ ನಿಮ್ಮ ಕೇಸು ಯಾವನು ಮುಟ್ತಾನೋ ನೋಡ್ತೀನಿ."

ಗಂಡ ಪಕ್ಕದಲ್ಲೇ ಕೂತಿರುವಾಗ ನನ್ನನ್ನು ಮುಂಡೆ ಅಂದ.

ಅಷ್ಟರಲ್ಲಿ ಊರುಗೋಲಿನವನೊಬ್ಬ ಹೊಸದಾಗಿ ಬಂದು ಹೊಸ್ತಿಲಲ್ಲಿ ನಿಂತ. ಏಜೆಂಟನ ದನಿ ಬೆಣ್ಣೆಯಾಯಿತು. "ಬನ್ನಿ ಸಾರ್, ಮೊದಲ ಅರ್ಜಿ ಪೂರ್ತಿ ಉಚಿತ!"

ನಮ್ಮವರು ಬೆಂಚು ಹಿಡಿದು ಎದ್ದರು. ಕುಂಟುತ್ತಾ ಹೋಗಿ ಬಾಗಿಲಿಗೆ ಅಡ್ಡವಾಗಿ ನಿಂತರು.

"ದಾರಿ ಬಿಡೋ, ಕುಂಟ ನನ್ಮಗನೆ!"

"ನೆಟ್ಟಗೆ ನಿಂತ್ಕೋ ಅಂತ ನೀನೇ ಹೇಳ್ಕೊಟ್ಟಿದ್ದಲ್ವೇನೋ? ನಿಂತಿದ್ದೀನಿ. ಈಗ ಕದಲಿಸು ನೋಡೋಣ."

ಒಂದು ಕೈಯಲ್ಲಿ ಸೊಂಟ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದರು. ಹಳೇ ಸಿಪಾಯಿಯೂ ಎದ್ದು ಹೋಗಿ ಅವರ ಪಕ್ಕ ನಿಂತ. ಈ ಸಲ ಅವನು ಕೆಮ್ಮು ತಡೆದುಕೊಳ್ಳಲಿಲ್ಲ.