ಶೇಖಮ್ಮನ ಮಣ್ಣು

ಅಂಬ್ರಪ್ಪ ಪುಸ್ತಕ ತೆರೆಯುವ ಮೊದಲೇ ದೇವಕಮ್ಮ ಅದರ ರಟ್ಟಿನ ಮೇಲೆ ಕೈಯಿಟ್ಟಳು.

"ಓದಬ್ಯಾಡ್ರಿ, ಹಿರ್ಯಾರ. ಕೂಡ್ರಿ, ಚಾ ಕುಡೀರಿ, ಮಣ್ಣಿಗಿ ಬರ್ರಿ. ಆದ್ರ ನಮ್ಮವ್ವನ ಪರವಾಗಿ ಮಾತಾಡಬ್ಯಾಡ್ರಿ."

ಸಗರ ಊರಿನ ಆ ಇಕ್ಕಟ್ಟಾದ ಅಂಗಳದಲ್ಲಿ ಶೇಖಮ್ಮನ ಹೆಣ ಚಾಪೆಯ ಮೇಲಿತ್ತು. ಅಂಬ್ರಪ್ಪ ಅವಳು ಏಳು ವರ್ಷದ ಹಿಂದೆ ಬಿಟ್ಟುಬಂದ ಕ್ರೈಸ್ತ ಪ್ರಾರ್ಥನೆ ಕೂಟದ ಹಿರಿಯ. ಕೂಟ ಬಿಟ್ಟವರ ಕೈಯ ನೀರನ್ನೂ ಅಲ್ಲಿಯವರು ಮುಟ್ಟುವುದಿಲ್ಲ.

"ಕಡೀಕಾಲಕ್ಕ ತಪ್ಪಾಯ್ತು ಅಂದಾಳ ಅಂತ ನಾಲ್ಕು ಮಂದಿ ಮುಂದ ಹೇಳ್ತೀನಿ, ಅಷ್ಟ," ಎಂದ ಅಂಬ್ರಪ್ಪ. "ಇಲ್ಲಂದ್ರ ನಮ್ಮವರ್ಯಾರೂ ಮಣ್ಣು ಹಾಕಂಗಿಲ್ಲ. ನಿಮ್ಮ ದೊಡ್ಡವ್ವನೂ."

ದೊಡ್ಡವ್ವ ರೇಣಮ್ಮ ಬಾಗಿಲ ಹೊರಗೇ ನಿಂತಿದ್ದಳು. ಕೂಟದಲ್ಲೇ ಉಳಿದು, ಒಡಹುಟ್ಟಿದ ತಂಗಿಯ ಹೊಸ್ತಿಲನ್ನು ಏಳು ವರ್ಷ ದಾಟದವಳು.

"ಹೇಳಲಿ ಬಿಡವ್ವ ದೇವಕಿ," ಎಂದಳು. "ನಾನೂ ಒಳಗ ಬರ್ತೀನಿ."

ದೇವಕಮ್ಮನಿಗೆ ಇನ್ನು ಈ ಭೂಮಿಯ ಮೇಲೆ ನಮ್ಮವರು ಅಂತ ಉಳಿದಿದ್ದು ಈ ದೊಡ್ಡವ್ವ ಒಬ್ಬಳೇ. ಹೂಂ ಅಂದರೆ ಮುಗಿಯುತ್ತಿತ್ತು. "ಅವ್ವ ಹಂಗ ಅಂದಿಲ್ಲ," ಎಂದಳು.

*

ರಜಾಕಾರರ ಗಲಾಟೆಯ ವರ್ಷ, ಹಿಂಗಾರಿ ಬಿತ್ತುವ ಹೊತ್ತಿಗೆ ಸರಿಯಾಗಿ ಹಿಂದೂಸ್ತಾನದ ಫೌಜು ನಿಜಾಮನ ಸೀಮೆಗೆ ನುಗ್ಗಿತು. ಆಕಾಶದಲ್ಲಿ ವಿಮಾನ ಗುಡುಗಿದ್ದೇ ತಡ, ಲೋಕ ಮುಗಿಯಿತೆಂದು ಅಂಬ್ರಪ್ಪ ಸಾರಿದ. ಯಾರೂ ಬಿತ್ತಬೇಡಿ, ಬಿತ್ತುವುದೆಂದರೆ ದೇವರ ಮಾತನ್ನು ನಂಬದಿರುವುದು. ಕೂಟದ ಮಂದಿ ಬೀಜದ ಜೋಳ ಬೀಸಿ ರೊಟ್ಟಿ ಬಡಿದು ತಿಂದು, ಮೊಣಕಾಲೂರಿ ಕೂತರು.

ಶೇಖಮ್ಮ ಆಗಲೇ ವಿಧವೆ, ಮಗಳು ಚಿಕ್ಕವಳು. ಮೂರನೆಯ ದಿನ ಬೀಜ ಉಡಿಗೆ ಕಟ್ಟಿಕೊಂಡು ಎದ್ದು ಹೋದಳು. ಪಕ್ಕದ ಹೊಲದ ಜಮಾಲಸಾಬ ಎತ್ತು, ಕೂರಿಗೆ ತಂದ. ಅವನು ಹೊಡೆದ, ಇವಳು ಬಿತ್ತಿದಳು. ಲೋಕವೋ, ಹಟಮಾರಿ, ಮುಗಿಯಲಿಲ್ಲ.

ಫಸಲು ಬಂದಾಗ ಕೂಟದ ಹದಿನಾಲ್ಕು ಮನೆಗೂ ಅವಳೇ ಜೋಳ ಕೊಟ್ಟಳು. ತಿಂದು ತೇಗಿದ ಮೇಲೆ ಅವರು, ಎದ್ದು ನಿಂತು ತಪ್ಪೊಪ್ಪಿಕೋ ಅಂದರು. ಶೇಖಮ್ಮ ಎದ್ದಳು, ಮನೆಗೆ ನಡೆದಳು.

ಎದೆಗುದಿ ಅಷ್ಟಕ್ಕೆ ಬಿಡಲಿಲ್ಲ. ಎರಡು ವರ್ಷ ಗುಡುಗಿದಾಗಲೆಲ್ಲ ಬೆಚ್ಚಿಬಿದ್ದು, ಮಾಡದ ಪಾಪಗಳನ್ನೆಲ್ಲ ಒಪ್ಪಿಕೊಳ್ಳುತ್ತಿದ್ದಳು. ಮೂರನೆಯ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಸಿಡಿಲು ಬಡಿದರೂ ಗೊರಕೆ ಹೊಡೆದಳು. ದೇವಕಮ್ಮ ಪಕ್ಕದಲ್ಲಿ ಕೂತು ಸುಮ್ಮನೆ ಅತ್ತಳು.

"ಯೇಸುಸ್ವಾಮಿ ಜೋಡಿ ನಂದೇನೂ ಜಗಳಿಲ್ಲ," ಎನ್ನುತ್ತಿದ್ದಳು ಅವ್ವ. "ಕೂಟದವರು ಬಂದ್ರ ಕೂಡ್ರಸು, ಚಾ ಕೊಡು. ನನ್ನ ಬಾಯಿ ಮಾತ್ರ ಅವರಿಗಿ ಕೊಡಬ್ಯಾಡ."

*

ಜಮಾಲಸಾಬ ಶೇಖಮ್ಮನ ಹೊಲದ ಬದುವಿನಲ್ಲಿ ಕುಣಿ ತೋಡಿಸಿದ್ದ. ಹೆಣ ಇಳಿಸುವ ಹೊತ್ತಿಗೆ ಅಂಬ್ರಪ್ಪ ಇನ್ನೊಮ್ಮೆ ಕೇಳಿದ. "ಏನಂತೀ ಈಗರ?"

ದೇವಕಮ್ಮ ದೊಡ್ಡವ್ವನ ಮುಖ ನೋಡಿದಳು. ಓದ್ರಿ ಎಂಬ ಮಾತು ನಾಲಗೆ ತುದಿಗೆ ಬಂದಿತ್ತು. ನುಂಗಿಕೊಂಡಳು.

"ಬ್ಯಾಡ್ರಿ."

"ನಡೀರಿ," ಎಂದು ಅಂಬ್ರಪ್ಪ ತಿರುಗಿದ. ಕೂಟದವರು ಹಿಂದೆ ನಡೆದರು. ರೇಣಮ್ಮನೂ ನಡೆದಳು. ದೇವಕಮ್ಮ ಅತ್ತ ನೋಡಲಾರದೆ ಅವ್ವನ ಪಾದ ಹಿಡಿದುಕೊಂಡಳು. ಹೆಣವನ್ನು ಕುಣಿಯೊಳಗೆ ಅಂಗಾತ ಇಳಿಸಿದರು.

"ಹಂಗ ಅಂಗಾತ ಮಲಗಸಬ್ಯಾಡ್ರೋ."

ರೇಣಮ್ಮ ವಾಪಸು ಬಂದಿದ್ದಳು, ಏದುಸಿರು ಬಿಡುತ್ತ. "ಸಣ್ಣಾಕಿದ್ದಾಗಿಂದ ಬಲಮಗ್ಗಲಾದ್ರನ ಆಕಿಗಿ ನಿದ್ದಿ. ಜಮಾಲಣ್ಣಾ, ನನ್ನ ಇಳಸು."

ಕುಣಿಗೆ ಇಳಿದು, ತಂಗಿಯ ತಲೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮೆಲ್ಲಗೆ ಬಲಕ್ಕೆ ಹೊರಳಿಸಿದಳು. ಕೆನ್ನೆಯ ಕೆಳಗೆ ಮಣ್ಣು ಒತ್ತಿ ದಿಂಬು ಮಾಡಿದಳು. ದಾರಿಯಿಂದ ಅಂಬ್ರಪ್ಪ ಎರಡು ಸಲ ರೇಣಮ್ಮನ ಹೆಸರು ಹಿಡಿದು ಕೂಗಿದ.

ಕುಣಿಯೊಳಗಿಂದ ಕರಿಮಣ್ಣು ಮೆತ್ತಿದ ಕೈಯೊಂದು ದೇವಕಮ್ಮನ ಕಡೆಗೆ ಮೇಲೆ ಚಾಚಿಕೊಂಡಿತು.