ಮಂತ್ರಗಾತಿಗೆ ಅಕ್ಷತೆ

ನನ್ನ ತಮ್ಮ ಪಂಢರಿನಾಥ ಬಲು ಧರ್ಮಿಷ್ಠನೆಂದು ಧಾರವಾಡದ ನಮ್ಮ ಓಣಿಯಲ್ಲೆಲ್ಲ ಹೆಸರು. ಕಚೇರಿಯಲ್ಲಿ ಇಂಗ್ರೇಜಿ ಸಾಹೇಬನ ಮುಂದೆ ಬಾಗಿದ ಬೆನ್ನು ಮನೆಯ ಹೊಸ್ತಿಲು ದಾಟಿದೊಡನೆ ನೆಟ್ಟಗಾಗುತ್ತಿತ್ತು. ದರ್ಪ ತೋರಿಸಲು ಇಬ್ಬರು ವಿಧವೆಯರಿದ್ದೆವಲ್ಲ, ಅವನ ಅಕ್ಕ ಗೋದಾಬಾಯಿ ನಾನು, ಮತ್ತು ಅವನ ಮಗಳು ರಜನಿ.

ಹದಿನೈದಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ರಜನಿ ನಗುವುದನ್ನೇ ಮರೆತಿದ್ದಳು. ಅವಳನ್ನು ಹೇಗಾದರೂ ನಗಿಸಬೇಕು ಎಂದುಕೊಂಡೆ. ಹುಬ್ಬಳ್ಳಿಗೆ ಹೋದಾಗ ದುರ್ಗದಬೈಲಿನ ಪೇಟೆಯಿಂದ ಒಂದು ಕಾದಂಬರಿ ತಂದೆ. ಅದರಲ್ಲೊಬ್ಬ ಮಂತ್ರಗಾತಿ, ಚಾಪೆಯ ಮೇಲೆ ಕುಳಿತು ಹಾರುತ್ತಾಳೆ, ಸೊಕ್ಕಿನ ದಿವಾನನನ್ನು ಕುಂಬಳಕಾಯಿ ಮಾಡುತ್ತಾಳೆ. ಊಟವಾದ ಮೇಲೆ ಓದಿ ಹೇಳಿದೆ. ಕುಂಬಳಕಾಯಿಗೆ ಮೀಸೆ ಮಾತ್ರ ಉಳಿದುಬಿಟ್ಟಿತು ಎಂಬಲ್ಲಿ ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ಅಳು ಬಂತು.

ಅಷ್ಟರಲ್ಲಿ ತಮ್ಮ ಬಂದ.

"ಗೋದಕ್ಕಾ, ಮಾಟಾ ಮಂತ್ರದ ಪುಸ್ತಕ ಮನ್ಯಾಗ? ದೇವರ ಮ್ಯಾಲಿನ ಭಕ್ತಿ ಹಾಳಾಗ್ತದ."

"ನೀ ಪಾರಾಯಣ ಮಾಡೂ ಪೋಥಿಯೊಳಗ ಸಾಧು ಉಟ್ಟ ಪಂಜಿ ನೀರಾಗ ಹಾಸಿ, ಅದರ ಮ್ಯಾಲೆ ಕೂತು ಹೊಳಿ ದಾಟ್ತಾನಲ್ಲೋ?"

"ಅದು ಮಹಿಮಾ. ಖರೇ ನಡದದ್ದು."

"ಯಾರು ನೋಡ್ಯಾರ?"

"ನೋಡೂದಲ್ಲ, ನಂಬಬೇಕು."

"ಇದನ್ನ ನಂಬು ಅಂತ ಯಾರೂ ಅನ್ನೂದಿಲ್ಲಪಾ. ಬರೇ ನಗೂದು."

"ನಗೂದ ಬ್ಯಾಡ. ನಾಳೆ ನೀರೊಲಿಗೆ ಹಾಕು" ಎಂದು ತೋಳಿನ ತಾಯತ ಸರಿಮಾಡಿಕೊಳ್ಳುತ್ತ ಒಳಗೆ ಹೋದ. ತಾಯತ ಬಡ್ತಿಗೆಂದು ಕಟ್ಟಿಸಿಕೊಂಡದ್ದು. ಬಡ್ತಿ ಇನ್ನೂ ಬಂದಿರಲಿಲ್ಲ.

ಮರುದಿನ ನವರಾತ್ರಿಯ ಸರಸ್ವತಿ ಪೂಜೆ. ಮನೆಯ ಪುಸ್ತಕಗಳನ್ನೆಲ್ಲ ಮಣೆಯ ಮೇಲೆ ಪೇರಿಸಿ ರೇಶಿಮೆ ವಸ್ತ್ರ ಹೊದಿಸುವುದು ನನ್ನ ಕೆಲಸ. ವಸ್ತ್ರದಡಿ ಎಲ್ಲಕ್ಕಿಂತ ಮೇಲೆ ಮಂತ್ರಗಾತಿಯನ್ನು ಕೂರಿಸಿದೆ. ತಾನು ಹೇಳಿದ ಮೇಲೆ ಆಗಿಯೇ ಹೋಯಿತು ಎಂದು ತಿಳಿಯುವ ಗಂಡಸು ಅವನು, ಮತ್ತೆ ಕೇಳಲಿಲ್ಲ. ಮಡಿಯುಟ್ಟು ಅಕ್ಷತೆ ಹಾಕಿ, ಆರತಿ ಎತ್ತಿ, ಹೂರಣದ ಕಡುಬು ನೈವೇದ್ಯ ಮಾಡಿ ಅಡ್ಡಬಿದ್ದ.

ವಿಜಯದಶಮಿಯಂದು ಪುಸ್ತಕಗಳನ್ನು ಇಳಿಸಲು ವಸ್ತ್ರ ಸರಿಸಿದಾಗ ಮಂತ್ರಗಾತಿಯನ್ನು ಕಂಡು ಅವನ ಮುಖ ಹುಳ್ಳಗಾಯಿತು.

"ಇದನ್ನ ಈಗ ಸುಡ್ತೀನಿ."

"ಸುಡಪಾ. ನಿನ್ನ ಕೈಯಾರೆ ಪೂಜಿ ಮಾಡೀದಿ. ಸರಸ್ವತೀನ ನೀರೊಲಿಗೆ ಹಾಕಿದಿ ಅಂತ ಓಣಿಯವರಿಗೆ ನಾನ ಹೇಳ್ತೀನಿ."

ಅವನ ಕೈ ತಾಯತಕ್ಕೆ ಹೋಯಿತು. ಹೆದರಿದ್ದ. ಪುಸ್ತಕವನ್ನು ದೇವರ ಮನೆಯ ಗೂಡಿನಲ್ಲಿಟ್ಟ.

"ಪೂಜಿ ಆದ ಪುಸ್ತಕ. ಇನ್ನ ಹೆಂಗಸರು ಮುಟ್ಟೂಹಂಗಿಲ್ಲ."

ರಜನಿಯ ಮುಖ ಬಾಡಿತು. ನನಗೆ ಸಿಟ್ಟು ನೆತ್ತಿಗೇರಿತು. ಮಾತು ಮಾತ್ರ ತಣ್ಣಗೆ ಆಡಿದೆ.

"ಖರೇ ಅದ. ಆದ್ರ ದೇವರ ಮನ್ಯಾಗಿನ ಪುಸ್ತಕ ಓದದ ಇಟ್ರ ಮನಿಗೆ ಛಲೋ ಅಲ್ಲ ಅಂತ ನೀನ ಹೇಳ್ತೀ. ನಾವು ಮುಟ್ಟೂದಿಲ್ಲ, ನೀನ ಓದು."

ಈಗ ದಿನಾ ಸಂಜೆ ನನ್ನ ತಮ್ಮ ಮಡಿಯುಟ್ಟು, ತುಪ್ಪದ ದೀಪ ಹಚ್ಚಿ, ಪುರಾಣದ ರಾಗದಲ್ಲಿ ಚಾಪೆ ಹಾರಿಸುತ್ತಾನೆ. ಕುಂಬಳಕಾಯಿಯ ಮೀಸೆ ಬಂದಾಗ ಬಾಗಿಲಾಚೆ ಕುಳಿತ ರಜನಿ ಗಟ್ಟಿಯಾಗಿ ನಗುತ್ತಾಳೆ. ಅವನು ಬೈಯುವಂತಿಲ್ಲ. ಪಾರಾಯಣದ ನಡುವೆ ಬೇರೆ ಮಾತಾಡಬಾರದು ಎಂಬುದು ಅವನದೇ ನಿಯಮ.